ಕ್ಲೈವ್ ಬಚ್ಚಿಡುವ ಜಾಗ

ಕಳುವಾದರೆ ಎಲ್ಲಿದೆ ಎಂದು ತೋರಿಸುವ ಟ್ರ್ಯಾಕರನ್ನು ಕಾರಿಗೆ ಹಾಕಿಸಬೇಕೋ ಬೇಡವೋ ಎಂದು ಯವೊನ್ ಪಾರ್ಗೆಟರ್ ಕೇಳಿದ್ದು ಸರಿಯಾದ ಮನುಷ್ಯನನ್ನೇ. ಡಡ್ಲಿಯಿಂದ ವಾಲ್ಸಾಲ್‌ವರೆಗೆ ಜೋರು ಕಾರು ಇಟ್ಟುಕೊಂಡವರು ಯಾರನ್ನು ಬೇಕಾದರೂ ಕೇಳಿ, ಕಳ್ಳರ ಕಣ್ಣಿಗೆ ಬೀಳದಂತೆ ಟ್ರ್ಯಾಕರ್ ಅಡಗಿಸುವುದರಲ್ಲಿ ಕ್ಲೈವ್ ಟ್ರ್ಯಾಂಟರ್‌ನನ್ನು ಮೀರಿಸಿದವರಿಲ್ಲ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಅವನ ಹೊಟ್ಟೆಪಾಡು. ಅಂಥವನು ಆ ಮಂಗಳವಾರ ಬೆಳಿಗ್ಗೆ ಅವಳ ಮನೆಯ ಮುಂದೆ ವ್ಯಾನು ನಿಲ್ಲಿಸಿ, ಸಲಕರಣೆಯ ಚೀಲವನ್ನೂ ಕೆಳಗಿಳಿಸದೆ, "ನನ್ನ ಕೇಳಿದ್ರೆ ಬೇಡ ಬಿಡಿ" ಎಂದ. ಕ್ಷೌರದವನೇ ಗಿರಾಕಿಗೆ ಗಡ್ಡ ಬಿಡಿ ಅಂದ ಹಾಗಾಯಿತು.

ಯವೊನ್‌ಗೆ ಅರವತ್ತೆರಡು ವರ್ಷ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಬಟಾಣಿ, ಆಲೂಗಡ್ಡೆ, ಗ್ರೇವಿ ಬಡಿಸಿ ನಿವೃತ್ತಳಾದವಳು. ಗಂಡ ಲೆನ್ ಬದುಕಿದ್ದಷ್ಟು ದಿನ ಆ ಮನೆಯ ಕಾರು ಯಾರನ್ನೂ ಹಿಂದೆ ಹಾಕಿದ್ದಿಲ್ಲ. ಸೈಕಲ್ಲಿನವರೂ ಲೆನ್‌ಗೆ ಕೈಬೀಸಿ ಮುಂದೆ ಹೋಗುತ್ತಿದ್ದರು. ಅವನು ತೀರಿಕೊಂಡ ಎರಡನೆಯ ವರ್ಷ ಈಕೆ ಕಡುಹಸಿರು ಬಣ್ಣದ, ನಾನೂರು ಕುದುರೆಯ ಶಕ್ತಿಯ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಯವೊನ್‌ಗೆ ತಲೆ ಕೆಟ್ಟಿದೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಅವಳು ಆಡಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದಳು. ಆಮೇಲೆ ಯಾರೂ ಆಡಿಕೊಳ್ಳಲಿಲ್ಲ.

ಈಗ ವಿಮೆಯವರಿಂದ ಕಾಗದ ಬಂದಿತ್ತು. ಇಂಥ ಕಾರುಗಳನ್ನು ಕಳ್ಳರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದಾರೆ, ಶುಕ್ರವಾರದೊಳಗೆ ಟ್ರ್ಯಾಕರ್ ಹಾಕಿಸಿ, ಇಲ್ಲವಾದರೆ ವಿಮೆ ರದ್ದು ಎಂದು ಅದರ ಸಾರಾಂಶ. ಯವೊನ್‌ಗೆ ಕಳ್ಳರ ಭಯಕ್ಕಿಂತ ಮಗನ ಭಯ ಹೆಚ್ಚು. ಬ್ರಿಸ್ಟಲ್‌ನಲ್ಲಿರುವ ಮಗ ಗ್ಯಾವಿನ್, ಹೇಗೂ ಹಾಕಿಸುತ್ತೀಯಲ್ಲ, ಕಾರು ಎಲ್ಲಿದೆ ಎಂದು ನನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿಸು ಎಂದಿದ್ದನಂತೆ.

"ಎಲ್ಲಿಗೋದೆ, ಯಾಕೋದೆ ಅಂತ ಮೂವತ್ತೇಳು ವರ್ಷ ಲೆನ್‌ಗೆ ಲೆಕ್ಕ ಒಪ್ಸಿದೀನಿ" ಎಂದಳು ಯವೊನ್, ಚಹಾದ ಮಗ್ಗನ್ನು ಕ್ಲೈವ್‌ನ ಕೈಗೆ ತುರುಕುತ್ತಾ. "ಈಗ ಹೆತ್ತ ಮಗನಿಗೂ ಒಪ್ಸ್ಬೇಕಾ? ನೀನೇ ಹೇಳಪ್ಪಾ ಕ್ಲೈವ್. ನೀನು ಬೇಕು ಅಂದ್ರೆ ಹಾಕುಸ್ತೀನಿ, ಬೇಡ ಅಂದ್ರೆ ಇಲ್ಲ. ಸುಳ್ ಹೇಳೋನಲ್ಲ ನೀನು."

ಕೊನೆಯ ಮಾತು ಕ್ಲೈವ್‌ಗೆ ಚುಚ್ಚಿತು. ಅವನು ಬೇರೆ ದಾರಿಗಳನ್ನು ಹೇಳಿದ. ಸ್ಟಿಯರಿಂಗಿಗೆ ಕಬ್ಬಿಣದ ಸರಳು ಹಾಕಿ ಎಂದ. ಗೇಟಿನ ಹತ್ತಿರ ನೆಲದಲ್ಲಿ ಕಂಬ ನೆಡಿಸಿ ಎಂದ. ಹೊರಗಿನಿಂದ ಯಂತ್ರ ಹಿಡಿದು ಬೀಗದ ಕೈಯ ಸಂಕೇತ ಕದಿಯುತ್ತಾರೆ, ಅದಕ್ಕೆ ಬೀಗದ ಕೈಯನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಡಿ ಎಂದ.

"ಡಬ್ಬೀಲೇ ಇಟ್ಟಿದೀನಿ. ಡಬ್ಬಿ ವಿಮೆ ಕೊಡುತ್ತಾ?"

ಕ್ಲೈವ್ ಚಹಾ ಕುಡಿದ. ಅವನಿಗೆ ಅವಳ ಕಾರಿನ ಹತ್ತಿರ ಹೋಗುವುದಕ್ಕೇ ಕಾಲು ಬರುತ್ತಿರಲಿಲ್ಲ, ಕಾರಣವನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಟ್ರ್ಯಾಕರ್ ಹಾಕುವವರಲ್ಲಿ ಒಂದು ಕಟ್ಟುಪಾಡಿದೆ. ಕಾರಿನ ಯಾವ ಮೂಲೆಯಲ್ಲಿ ಅದನ್ನು ಇಟ್ಟೆ ಎಂದು ಮಾಲೀಕನಿಗೂ ಹೇಳಬಾರದು. ಗೊತ್ತಿದ್ದವನ ಬಾಯಿಂದ ಸುತ್ತಿಗೆ ಹಿಡಿದು ಕೇಳಿದರೆ ಹೊರಗೆ ಬಂದೇ ಬರುತ್ತದೆ, ಗೊತ್ತಿಲ್ಲದವನನ್ನು ಕೇಳಿ ಪ್ರಯೋಜನವಿಲ್ಲ. ಮತ್ತೆ, ಒಬ್ಬೊಬ್ಬ ಕೆಲಸಗಾರನಿಗೂ ಕೈಗೆ ರೂಢಿಯಾದ ಒಂದು ಜಾಗವಿರುತ್ತದೆ. ಯಾವ ಕಾರಾದರೂ ಕೈ ಅಲ್ಲಿಗೇ ಹೋಗುತ್ತದೆ. ಕ್ಲೈವ್‌ನದು ಹಿಂಬಾಗಿಲಿನ ಎಡಗಡೆಯ ದೀಪದ ಒಳಗೆ, ಬಟ್ಟೆಯ ಟೇಪು ಸುತ್ತಿ, ಮೂಲ ತಂತಿಗಳ ಜೊತೆಗೇ ಹುಟ್ಟಿದ್ದು ಎಂಬಂತೆ. ಹದಿನೆಂಟು ವರ್ಷ ಅದನ್ನು ಅವನು ಹೆಂಡತಿಗೂ ಹೇಳಿದವನಲ್ಲ. ಹೆಂಡತಿ ಬಿಟ್ಟು ಹೋದದ್ದು ಬೇರೆ ಕಾರಣಕ್ಕೆ.

ಹೇಳಿದ್ದು ಒಂದೇ ಒಂದು ಸಲ, ಹೋದ ವಸಂತದಲ್ಲಿ, ಅಕ್ಕ ಮ್ಯಾಕ್ಸೀನ್‌ಳ ಮನೆಯ ಭಾನುವಾರದ ಊಟದಲ್ಲಿ. ತಾಯಿ ಸತ್ತಾಗ ಅವನಿಗೆ ಹತ್ತು, ಅವಳಿಗೆ ಹದಿನಾರು. ಅವನನ್ನು ಅನ್ನ ಹಾಕಿ ಬೆಳೆಸಿದವಳು ಅವಳೇ. ಈಗಲೂ ಅವನ ಗಿರಾಕಿಗಳ ಫೋನು ಎತ್ತಿಕೊಂಡು, ಯಾವ ದಿನ ಯಾವ ಮನೆ, ಯಾವ ಕಾರು ಎಂದು ಫ್ರಿಜ್ಜಿನ ಪಕ್ಕ ನೇತುಹಾಕಿದ ಡೈರಿಯಲ್ಲಿ ಬರೆದಿಡುವವಳೂ ಅವಳೇ. ಆ ಭಾನುವಾರ ಅವಳ ಮಗ, ಇಪ್ಪತ್ತನಾಲ್ಕು ವರ್ಷದ ಕರ್ಟಿಸ್, ಹುರಿದ ಮಾಂಸ ಕುಯ್ಯುತ್ತಾ, ಮಾಮ ಎಷ್ಟು ಬುದ್ಧಿವಂತ ಎಂದು ಹೊಗಳಿದ. ಇಷ್ಟು ವರ್ಷದಲ್ಲಿ ಒಬ್ಬ ಕಳ್ಳನೂ ನಿನ್ನ ಟ್ರ್ಯಾಕರ್ ಪೆಟ್ಟಿಗೆ ಕಂಡುಹಿಡಿದಿಲ್ಲವಂತಲ್ಲ ಎಂದ. ಮೂರನೆಯ ಬಿಯರು ಒಳಗೆ ಹೋಗಿತ್ತು. ಕ್ಲೈವ್ ಎದೆಯುಬ್ಬಿಸಿ ಜಾಗವನ್ನು ಹೇಳಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲಿನ ಆರು ವಾರದಲ್ಲಿ ಅವನ ಕೈ ಬಿದ್ದ ಮೂರು ಕಾರು ಕಳುವಾದವು. ಮೂರರಲ್ಲೂ ಟ್ರ್ಯಾಕರನ್ನು ನೇರವಾಗಿ ಕಿತ್ತು ಕಾಲುವೆಗೆ ಎಸೆದಿದ್ದರು. ಒಂದು ಕಾರು ಒಬ್ಬ ಬಡಗಿಯದು. ಹನ್ನೆರಡು ವರ್ಷದ ಆಸೆ ಅದು ಎಂದು ಹೇಳಿಕೊಂಡು ಅವನು ಕ್ಲೈವ್‌ನ ಮುಂದೆ ಅತ್ತಿದ್ದ. ಜಾಗವನ್ನು ಕಳ್ಳರಿಗೆ ಮುಟ್ಟಿಸಿದವನು ಕರ್ಟಿಸ್ ಎಂದು ಕ್ಲೈವ್‌ಗೆ ತಿಳಿಯದೆ ಏನು? ಮುಂದಿನ ಎರಡು ಕಾರುಗಳಲ್ಲಿ ಜಾಗ ಬದಲಾಯಿಸಿದ. ಅವನ್ನೂ ಕಳ್ಳರು ಒಯ್ದರು. ಹೇಳಿದ ಜಾಗದಲ್ಲಿ ಪೆಟ್ಟಿಗೆ ಸಿಗದೆ, ಒಳಗೆಲ್ಲ ಸೀಳಿ ರಸ್ತೆಯಲ್ಲೇ ಬಿಟ್ಟು ಓಡಿದರು. ಮೂರನೆಯ ದಿನ ಕರ್ಟಿಸ್ ಅವನ ಬಾಗಿಲು ತಟ್ಟಿದ. ಎಡಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಕಳ್ಳರು ಬಾಗಿಲಿಗೆ ಸಿಕ್ಕಿಸಿ ಮುರಿದಿದ್ದರಂತೆ.

"ನಾನು ಅವರಿಗೆ ಸುಳ್ ಹೇಳ್ದೆ ಅಂದ್ಕೊಂಡವ್ರೆ ಮಾಮಾ" ಎಂದಿದ್ದ, ಚಿಕ್ಕ ಹುಡುಗನ ಹಾಗೆ ಮೂಗು ಸೊರಸೊರ ಮಾಡುತ್ತಾ. "ಜಾಗ ಬದ್ಲಾಯಿಸ್ಬೇಡ. ಇನ್ನೂ ಎಂಟ್ ಬೆರಳು ಬಾಕಿ ಐತೆ ಅಂದ್ರು."

ಅಂದಿನಿಂದ ಕ್ಲೈವ್ ಬದುಕುತ್ತಿದ್ದದ್ದು ಹೀಗೆ. ಹಳೆಯ ಜಾಗದಲ್ಲಿಟ್ಟರೆ ನಂಬಿದ ಗಿರಾಕಿಯ ಕಾರು ಹೋಗುತ್ತದೆ, ಹೊಸ ಜಾಗದಲ್ಲಿಟ್ಟರೆ ಅಕ್ಕನ ಮಗನ ಬೆರಳು ಹೋಗುತ್ತದೆ. ಪೊಲೀಸರ ಹತ್ತಿರ ಹೋದರೆ ಅವರು ಮೊದಲು ಕೇಳುವುದೇ, ಕಳ್ಳರಿಗೆ ಜಾಗ ಹೇಳಿದವರು ಯಾರು ಎಂದು. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ಊರೆಲ್ಲ ಹೇಳುತ್ತದೆ. ಡೈರಿಯನ್ನಾದರೂ ಅಕ್ಕನ ಮನೆಯಿಂದ ತಂದುಬಿಡೋಣವೆಂದರೆ ಯಾಕೆ ಎಂದು ಅವಳಿಗೆ ಹೇಳಬೇಕು. ಮಗ ಇಂಥವನಾದ ಎಂದು ಮ್ಯಾಕ್ಸೀನ್‌ಗೆ ಹೇಳುವುದಕ್ಕಿಂತ ನಾಲಗೆ ಕಡಿದುಕೊಳ್ಳುವುದು ಮೇಲು ಎಂದು ಅವನು ತೀರ್ಮಾನಿಸಿದ್ದ. ಹೀಗಾಗಿ ಎರಡು ತಿಂಗಳಿಂದ ಬಂದ ಗಿರಾಕಿಗಳಿಗೆಲ್ಲ ಬೇಡ ಬೇಡ ಎನ್ನುತ್ತಾ, ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುತ್ತಾ ಬಂದಿದ್ದ.

ನಿನ್ನೆ ಸಂಜೆ ಕರ್ಟಿಸ್ ಫೋನು ಮಾಡಿದ್ದ. "ನಾಳೆ ಹಸಿರು ಗಾಡಿ. ಹಳೇ ಜಾಗ, ಅಲ್ವಾ ಮಾಮಾ?" ಅಷ್ಟೇ ಕೇಳಿ ಇಟ್ಟುಬಿಟ್ಟಿದ್ದ.

ಯವೊನ್ ಇದಾವುದನ್ನೂ ಅರಿಯಳು. ಅವಳು ವಿಮೆಯ ಕಾಗದವನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ಸರಿ ಹಂಗಾದ್ರೆ. ವಿಮೆ ಇಲ್ದೆ ಓಡ್ಸೋಕಾಗಲ್ಲ. ನೀನೇ ಬೇಡ ಅಂದ್ಮೇಲೆ ಇನ್ನೇನು, ಮಾರ್ಬಿಡ್ತೀನಿ. ಗ್ಯಾವಿನ್ ಯಾವ್ದೋ ಬಿಳೀ ಪುಟಾಣಿ ಕಾರು ನೋಡಿಟ್ಟವ್ನೆ, ಸೋಪಿನ ಡಬ್ಬಿ ಥರ."

ಕ್ಲೈವ್‌ನ ಎದೆಯ ಮೇಲಿನ ಕಲ್ಲು ಸರಿಯಿತು. ಮಾರಲಿ. ಮಾರಿದರೆ ಯಾರ ಕಾರೂ ಹೋಗುವುದಿಲ್ಲ, ಯಾರ ಬೆರಳೂ ಮುರಿಯುವುದಿಲ್ಲ. ಹೌದು, ಅದೇ ಒಳ್ಳೆಯದು ಎಂದು ಹೇಳಿ ಅವನು ಅಲ್ಲಿಗೇ ಹೊರಟುಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮಾರುವ ಮೊದಲು ನಿನಗೂ ಒಂದು ಸುತ್ತು ಹೊಡೆಸುತ್ತೇನೆ ಎಂದು ಅವಳು ಹಟ ಹಿಡಿದಳು. ಮನೆಗೆ ಬಂದವರನ್ನು ಸುಮ್ಮನೆ ಕಳಿಸುವ ಜಾತಿಯಲ್ಲ ಅವಳು.

ಬೀದಿಯಲ್ಲಿ ಅವಳು ಲೆನ್‌ನ ಹೆಂಡತಿಯಾಗಿಯೇ ಓಡಿಸಿದಳು. ಎರಡು ವೃತ್ತ ದಾಟಿ ಜೋಡಿ ರಸ್ತೆಗೆ ಬಿದ್ದದ್ದೇ ತಡ ಕ್ಲೈವ್‌ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮನೆಯಲ್ಲಿ ಒಂದು ನಿಮಿಷ ಬಾಯಿಮುಚ್ಚದ ಹೆಂಗಸು ಈಗ ಒಂದು ಮಾತೂ ಆಡಲಿಲ್ಲ. ಅವನು ಓರೆಗಣ್ಣಿನಲ್ಲಿ ನೋಡಿದ. ಎರಡು ಕೈಯ ಹೊರೆಯನ್ನೂ ಕೆಳಗಿಟ್ಟವಳ ಮುಖ ಅದು. ಕಾರು ತಿರುಗಿಸುವ ಜಾಗ ಬಂದಾಗಷ್ಟೇ ಅವಳು ವೇಗ ಇಳಿಸಿದ್ದು.

"ಇದರೊಳಗೆ ಕೂತ್ರೆ ಯಾರೂ ನಂಗೆ 'ಯವೊನ್, ಇನ್ನೊಂಚೂರು ಗ್ರೇವಿ' ಅನ್ನಲ್ಲ ನೋಡು" ಎಂದಳು. ತಮಾಷೆಗೆ ಹೇಳಿದಂತಿತ್ತು, ಆದರೆ ಅವಳು ನಗಲಿಲ್ಲ.

ಮನೆಗೆ ಬರುವವರೆಗೂ ಕ್ಲೈವ್ ಕಿಟಕಿಯಾಚೆ ನೋಡುತ್ತಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಈ ಹೆಂಗಸಿಗೆ ಅರವತ್ತು ದಾಟಿದ ಮೇಲೆ ಸಿಕ್ಕಿದ್ದು ಇದೊಂದೇ. ನಾನು ಮೂರು ಬಿಯರಿಗೆ ಬಾಯಿಬಿಟ್ಟ ತಪ್ಪಿಗೆ ಇವಳು ಸೋಪಿನ ಡಬ್ಬಿಯಲ್ಲಿ ಕೂರಬೇಕೇ?

"ಮಾರ್ಬೇಡಿ" ಎಂದ, ಕಾರು ನಿಂತ ಕೂಡಲೇ. "ಹಾಕ್ಕೊಡ್ತೀನಿ. ಗ್ಯಾವಿನ್ ಫೋನಿಗೆ ಏನೂ ಹೋಗ್ದಿರೋ ಹಂಗೆ ಹಾಕ್ತೀನಿ. ನೀವು ಒಳಗ್ಹೋಗಿ, ಪರದೆ ಎಳ್ಕೊಳ್ಳಿ."

ಅವಳಿಗೆ ಕಟ್ಟುಪಾಡು ಗೊತ್ತಿತ್ತು. ಒಳಗೆ ಹೋಗಿ ಅಡುಗೆಮನೆಯ ಪರದೆ ಎಳೆದುಕೊಂಡಳು. ಕ್ಲೈವ್ ಕಂಪನಿಯ ಟ್ರ್ಯಾಕರನ್ನು ಹಿಂದಿನ ದೀಪದ ಒಳಗೆ, ಎಂದಿನ ಜಾಗದಲ್ಲಿ, ಎಂದಿನ ಟೇಪು ಸುತ್ತಿ ಕೂರಿಸಿದ. ಕಳ್ಳರು ಹುಡುಕಿದರೆ ಸಿಗಲಿ, ಕರ್ಟಿಸ್‌ನ ಮಾತು ನಿಜವಾಗಲಿ, ಬೆರಳು ಉಳಿಯಲಿ. ಆಮೇಲೆ ವ್ಯಾನಿನ ತಳದಿಂದ ಬೆಂಕಿಪೊಟ್ಟಣದಷ್ಟು ಪುಟ್ಟ ಇನ್ನೊಂದು ಟ್ರ್ಯಾಕರ್ ತೆಗೆದ. ಅದು ಅವನ ಸ್ವಂತದ್ದು, ಯಾವ ಕಂಪನಿಯ ದಾಖಲೆಯಲ್ಲೂ ಇಲ್ಲ, ಅವನ ಫೋನಿಗೆ ಮಾತ್ರ ಕಾಣುವಂಥದು. ಅದನ್ನು ಎಲ್ಲಿಟ್ಟ ಎಂದು ನಾನೂ ಹೇಳುವುದಿಲ್ಲ. ಒಂದು ಸಲ ಬಾಯಿಬಿಟ್ಟು ಆದದ್ದು ಸಾಕು.

ಎಲ್ಲಿಗೆ ಒಯ್ಯುತ್ತಾರೆ ಎಂದು ಸುಮ್ಮನೆ ಗೊತ್ತಿರಲಿ ಎಂದು ಅವನು ತನಗೆ ತಾನೇ ಹೇಳಿಕೊಂಡ. ಗೊತ್ತಾದ ಮೇಲೆ ಏನು ಮಾಡುತ್ತೀ ಎಂದು ಒಳಗಿನಿಂದ ಒಂದು ದನಿ ಕೇಳಿತು. ಅದಕ್ಕೆ ಅವನು ಕಿವುಡನಾದ. ಟ್ರ್ಯಾಕರ್ ಹಾಕಿದ್ದೇನೆ ಎಂದು ವಿಮೆಯವರಿಗೆ ತೋರಿಸುವ ಪ್ರಮಾಣಪತ್ರ ಬರೆದುಕೊಟ್ಟ. ಯವೊನ್ ಅವನ ಕೈಗೆ ಒಂದು ಡಬ್ಬಿ ಬ್ರೆಡ್ ಪುಡಿಂಗ್ ಕೊಟ್ಟು, ನಿನ್ನಂಥವನೊಬ್ಬನಿದ್ದರೆ ನೆಮ್ಮದಿ ಎಂದಳು.

ಬುಧವಾರ ಇಡೀ ಅವನು ಎರಡೆರಡು ನಿಮಿಷಕ್ಕೆ ಫೋನು ನೋಡಿದ. ಹಸಿರು ಕಾರಿನ ಚುಕ್ಕಿ ಯವೊನ್‌ಳ ಮನೆ, ಅಂಗಡಿ, ಜೋಡಿ ರಸ್ತೆ, ಮತ್ತೆ ಮನೆ ಎಂದು ಓಡಾಡುತ್ತಿತ್ತು. ತಾಯಿಯನ್ನು ಹೀಗೆ ನೋಡುತ್ತಿರಬೇಕೆಂದ ಗ್ಯಾವಿನ್‌ನ ಫೋನಿಗೆ ಏನೂ ಹೋಗದಂತೆ ಮಾಡಿದವನು ಈಗ ತಾನೇ ನೋಡುತ್ತಾ ಕೂತಿದ್ದ.

ಗುರುವಾರ ಬೆಳಿಗ್ಗೆ ಏಳೂವರೆಗೆ ಯವೊನ್ ಫೋನು ಮಾಡಿದಳು. ಕಾರಿಲ್ಲ, ರಾತ್ರಿ ಯಾವಾಗಲೋ ಒಯ್ದಿದ್ದಾರೆ. ಕಂಪನಿಯವರನ್ನು ಕೇಳಿದರೆ ಟ್ರ್ಯಾಕರ್ ಬಿಲ್ಸ್ಟನ್‌ನ ಕಾಲುವೆಯ ಹತ್ತಿರ ಕೊನೆಯ ಸಲ ಉಸಿರಾಡಿ ಸುಮ್ಮನಾಗಿದೆಯಂತೆ. ಪೊಲೀಸರು ಒಂದು ದೂರಿನ ನಂಬರು ಕೊಟ್ಟು ಕನಿಕರ ತೋರಿಸಿದರಂತೆ. ಅವಳು ಅವನನ್ನು ಬೈಯಲಿಲ್ಲ. "ನೀನೇನ್ ಮಾಡ್ತೀಯ ಬಿಡು, ನೀನ್ ಸರಿಯಾಗೇ ಹಾಕಿರ್ತೀಯ" ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಫೋನಿನಲ್ಲಿ ಚುಕ್ಕಿ ಹುಡುಕಿದ. ಕದ್ದ ಕಾರನ್ನು ಕಳ್ಳರು ತಕ್ಷಣ ಸಾಗಿಸುವುದಿಲ್ಲ. ಯಾರೂ ತಲೆ ಕೆಡಿಸಿಕೊಳ್ಳದ ಒಂದು ಸಂಭಾವಿತ ಬೀದಿಯಲ್ಲಿ ಎರಡು ದಿನ ನಿಲ್ಲಿಸಿ ನೋಡುತ್ತಾರೆ. ಅದಕ್ಕೆ ತಣಿಯಲು ಬಿಡುವುದು ಎಂದು ಹೆಸರು. ಬೇರೆ ಟ್ರ್ಯಾಕರ್ ಇದ್ದರೆ ಪೊಲೀಸರು ಬರುತ್ತಾರೆ. ಬರಲಿಲ್ಲವೆಂದರೆ ಕಾರು ತಣಿಯಿತು ಎಂದರ್ಥ. ಚುಕ್ಕಿ ಒಂದು ಬೀದಿಯಲ್ಲಿ ಅಲ್ಲಾಡದೆ ನಿಂತಿತ್ತು. ಆ ಬೀದಿಯ ಹೆಸರನ್ನು ಅವನು ಓದಬೇಕಾಗಿಯೇ ಇರಲಿಲ್ಲ. ಭಾನುವಾರ ಭಾನುವಾರ ಅವನು ಊಟಕ್ಕೆ ಹೋಗುತ್ತಿದ್ದ ಬೀದಿ ಅದು.

ಮ್ಯಾಕ್ಸೀನ್‌ಳ ಮನೆಯ ಪಕ್ಕದಲ್ಲಿ, ಬೂದು ಹೊದಿಕೆಯ ಕೆಳಗೆ ಕಾರು ನಿಂತಿತ್ತು. ಹೊದಿಕೆಯ ಅಂಚಿನಲ್ಲಿ ಒಂದು ಗೇಣು ಕಡುಹಸಿರು ಕಾಣುತ್ತಿತ್ತು. ಕ್ಲೈವ್ ಒಳಗೆ ಹೋದ. ಅಕ್ಕ ಒಲೆಯ ಮುಂದೆ ಬೇಕನ್ ಹುರಿಯುತ್ತಿದ್ದಳು. ಅವನ ಮುಖ ನೋಡಿದಳು, ಒಲೆ ಆರಿಸಿದಳು, ಮತ್ತೆ ಅವನ ಕಡೆ ತಿರುಗಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತ. ದಾರಿಯುದ್ದಕ್ಕೂ, ಅವಳಿಗೆ ಹೇಗೆ ಹೇಳಲಿ, ಯಾವ ಮಾತಿನಿಂದ ಶುರು ಮಾಡಲಿ ಎಂದು ಲೆಕ್ಕ ಹಾಕಿಕೊಂಡು ಬಂದಿದ್ದ. ಅದೆಲ್ಲ ಬೇಕಾಗಿಯೇ ಇರಲಿಲ್ಲ.

"ಎಷ್ಟನೇದು ಇದು?" ಎಂದ.

"ಇಲ್ಲಿ ನಿಲ್ಸಿದ್ರಲ್ಲಿ ನಾಲ್ಕನೇದು."

"ನಿಂಗೆ ಗೊತ್ತಿತ್ತಾ ಮ್ಯಾಕ್ಸ್?"

"ಡೈರಿ ಬರ್ಯೋಳು ನಾನೇ ಕಣೋ. ಸೋಮವಾರ ಬರ್ದಿದ್ ಗಾಡಿ ಗುರುವಾರ ಬಾಗ್ಲಲ್ಲಿ ನಿಂತ್ರೆ ಗೊತ್ತಾಗಲ್ವಾ?" ಅವಳು ಒಲೆಯ ಕಟ್ಟೆಯಲ್ಲಿ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. "ಪ್ರತೀ ಸಲ ಕರ್ಟಿಸ್ ಇದೇ ಕೊನೇದು ಅಂತಾನೆ. ಬಿಡ್ತೀನಿ ಅಂದ್ರೆ ಅವರು ಬಿಡಲ್ಲ ಅಂತಾನೆ."

ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ನೀನು ಯಾಕೆ ಹೇಳಲಿಲ್ಲವೋ ಅದಕ್ಕೇ ಎಂದಳು ಅವಳು. ಎರಡು ತಿಂಗಳು ಅಕ್ಕ ತಮ್ಮ ಒಂದೇ ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡು, ಒಬ್ಬರಿಗೊಬ್ಬರು ಕಾಣದಂತೆ, ನುಂಗಲಾರದೆ ಉಗುಳಲಾರದೆ ಎದುರುಬದುರು ಕೂತು ಭಾನುವಾರದ ಊಟ ಮಾಡಿದ್ದರು.

ಮೇಜಿನ ಮೇಲೆ ಅವನ ಫೋನು ಬಡಿದುಕೊಂಡಿತು. ಯವೊನ್. ಎತ್ತದೆ ಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡನೆಯ ಟ್ರ್ಯಾಕರ್ ಇದೆ ಎಂಬುದು ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತು. ನಾಳೆ ಸಂಜೆಗೆ ಕಾರು ತಣಿದು ಹೋಗಿರುತ್ತದೆ. ಕರ್ಟಿಸ್ ಉಳಿಯುತ್ತಾನೆ, ಮುಂದಿನ ಕಾರಿನವರೆಗೆ. ಕ್ಲೈವ್ ಫೋನು ಎತ್ತಿದ.

ಅವಳು ಕಾರಿನ ವಿಷಯ ಕೇಳಲು ಮಾಡಿದ್ದಲ್ಲ. ಗ್ಯಾವಿನ್ ಬರುತ್ತಿದ್ದಾನಂತೆ, ಆ ಬಿಳಿಯ ಪುಟ್ಟ ಕಾರನ್ನು ನೋಡಲು ಹೋಗೋಣ ಎಂದನಂತೆ, ಇವಳು ಹೂಂ ಅಂದಳಂತೆ. ನಿನ್ನ ಪ್ರಮಾಣಪತ್ರ ವಿಮೆಯವರಿಗೆ ಬೇಕಂತೆ, ಇನ್ನೊಂದು ಪ್ರತಿ ಕಳಿಸು, ತೊಂದರೆ ಕೊಟ್ಟೆ ಎಂದಳು. ಅವಳ ದನಿ ಮತ್ತೆ ಬಡಿಸುವ ದನಿಯಾಗಿತ್ತು.

"ಯವೊನ್, ಪೆನ್ನು ತಗೊಳ್ಳಿ" ಎಂದ ಕ್ಲೈವ್. "ಪೊಲೀಸ್ರು ಕೊಟ್ಟ ನಂಬರ್ ಇದ್ಯಲ್ಲ, ಆ ನಂಬರ್ ಹೇಳಿ, ನಾನ್ ಹೇಳೋ ವಿಳಾಸ ಅವರಿಗೆ ಕೊಡಿ. ಹೆಂಗೆ ಗೊತ್ತಾಯ್ತು ಅಂದ್ರೆ ನನ್ನ ಹೆಸರು ಹೇಳಿ. ಜಾಗ ಬಾಯ್ಬಿಟ್ಟೋನು ನಾನೇ ಅಂತ್ಲೂ ಹೇಳಿ."

ಊರಿನ ಹೆಸರು ಹೇಳಿದ. ಬೀದಿಯ ಹೆಸರು ಹೇಳಿದ. ಮನೆಯ ನಂಬರು ಮಾತ್ರ ಬಾಯಿಗೆ ಬರಲಿಲ್ಲ. ನಲವತ್ತು ವರ್ಷದಿಂದ ಬಾಗಿಲ ಮೇಲೆ ನೋಡಿದ ನಂಬರು ಅದು. ಆ ಕಡೆಯಿಂದ ಯವೊನ್ ಹಲೋ, ಹಲೋ ಎನ್ನುತ್ತಿದ್ದಳು.

"ಇಪ್ಪತ್ತೇಳು" ಎಂದಳು ಮ್ಯಾಕ್ಸೀನ್, ಒಲೆಯ ಕಡೆ ಮುಖ ಮಾಡಿಕೊಂಡೇ.

ಕ್ಲೈವ್ ಅವಳನ್ನೇ ನೋಡಿದ.

"ಇಪ್ಪತ್ತೇಳು ಅನ್ನೋ. ಮಹಡಿ ಮೇಲೆ ಮಲ್ಗವ್ನೆ, ಓಡಲ್ಲ ಅನ್ನು." ಅವಳು ಒರೆಸುವ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ಬೇಡಿ ಹಾಕೋವಾಗ ಎಡಗೈ ಒಂಚೂರು ಮೆತ್ತಗೆ ಹಿಡೀಲಿ ಅಂತ ಪೊಲೀಸ್ರಿಗೆ ಹೇಳೋಕೆ ಹೇಳು."